ಮಧುಶ್ರೀ ಕೊಟ್ಟ ಉದಾಹರಣೆ

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ನಂದಕುಮಾರ್ ಮಗಳ ಪಾಠ ಒಪ್ಪಿಸಿಕೊಳ್ಳುತ್ತಿದ್ದ. ಮಧುಶ್ರೀ ಎರಡನೇ ಕ್ಲಾಸು. ಬರುವ ಶನಿವಾರ ಶಾಲೆಯಲ್ಲಿ ‘ಪ್ರಪಂಚದ ಚರಿತ್ರೆ’ ಎಂಬ ಕಾರ್ಯಕ್ರಮವಿತ್ತು. ಅಪ್ಪ ಅಮ್ಮಂದಿರ ಎದುರಿಗೆ ಮಕ್ಕಳು ಒಬ್ಬೊಬ್ಬರೂ ಒಂದೊಂದು ಸಂಗತಿ ಹೇಳಬೇಕು. ಪಿರಮಿಡ್ಡು, ಚೀನಾದ ಗೋಡೆ, ಚಂದ್ರನ ಮೇಲೆ ಕಾಲಿಟ್ಟದ್ದು ಎಲ್ಲವೂ ಬೇರೆ ಮಕ್ಕಳ ಪಾಲಾಗಿ, ಮಧುಶ್ರೀಗೆ ದಕ್ಷಿಣ ಆಫ್ರಿಕಾ ಬಂದಿತ್ತು.

“ಅಲ್ಲಿ ಕಪ್ಪು ಬಣ್ಣದವರು ಬೇರೆ, ಬಿಳಿ ಬಣ್ಣದವರು ಬೇರೆ ಇರಬೇಕು ಅಂತ ಕಾನೂನಿತ್ತು. ಕಪ್ಪು ಬಣ್ಣದವರು ಇಷ್ಟ ಬಂದ ಕಡೆ ಮನೆ ಮಾಡೋ ಹಾಗಿರಲಿಲ್ಲ…” ಅಲ್ಲಿಗೆ ಬಂದು ಅವಳು ತಡವರಿಸಿದಳು.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಮೊದಲನೇ ಮಹಡಿಯ ಖಾಲಿ ಮನೆ ನೋಡಲು ದೇವರಾಜ್ ಮತ್ತು ಕಲ್ಯಾಣಿ ದಂಪತಿ ಬಂದಿದ್ದರು. ಅವನು ಜಯನಗರದ ಒಂದು ಕಂಪನಿಯಲ್ಲಿ ಅಕೌಂಟೆಂಟ್. ಅವಳು ಬನ್ನೇರುಘಟ್ಟ ರಸ್ತೆಯ ಒಂದು ಶಾಲೆಯಲ್ಲಿ ಟೀಚರ್. ಬಿಳೇಕಹಳ್ಳಿಯ ಈ ಮನೆಯಿಂದ ಅವಳ ಶಾಲೆಗೆ ನಡೆದೇ ಹೋಗಬಹುದು. ಮನೆ ನೋಡಿದ್ದೇ ಇಬ್ಬರಿಗೂ ಒಪ್ಪಿಗೆಯಾಯಿತು. ಗಂಡಸರು ಮಾತಾಡುತ್ತಿರುವಾಗ ಕಲ್ಯಾಣಿ ಮಧುಶ್ರೀಯ ಪಕ್ಕ ಕೂತು, ತಡವರಿಸಿದ ಸಾಲನ್ನು ಎರಡು ತುಂಡು ಮಾಡಿ ಹೇಳುವುದನ್ನು ಕಲಿಸಿಕೊಟ್ಟಳು.

“ಯಾವ ಕಡೆಯವರು ನೀವು?” ನಂದಕುಮಾರ್ ಕೇಳಿದ.

“ಇಲ್ಲೇ ಸಾರ್, ಸಿದ್ದಾಪುರ. ಹುಟ್ಟಿ ಬೆಳೆದಿದ್ದೆಲ್ಲ ಅಲ್ಲೇ.”

“ಅಲ್ಲ, ಅಂದ್ರೆ… ಯಾವ ಜನ ಅಂತ.”

ದೇವರಾಜ್ ಹೆಂಡತಿಯತ್ತ ನೋಡಿದ. “ಬೌದ್ಧರು ಸಾರ್,” ಎಂದ.

ದಲಿತರೆಂದು ನಂದಕುಮಾರನಿಗೆ ಅರ್ಥವಾಯಿತು. ಮುಖದ ನಗು ಹಾಗೇ ಇಟ್ಟುಕೊಂಡು, “ನಮ್ಮಮ್ಮನ್ನ ಒಂದು ಮಾತು ಕೇಳ್ಬೇಕು. ಸಂಜೆ ಫೋನ್ ಮಾಡ್ತೀನಿ,” ಎಂದು ಬೀಳ್ಕೊಟ್ಟ. ಸಂಜೆ ಫೋನ್ ಮಾಡಿ, ಅಕ್ಕನ ಮಗ ಬರುತ್ತಾನಂತೆ, ಬೇಜಾರು ಮಾಡ್ಕೋಬೇಡಿ ಎಂದ. ಹೆಂಡತಿ ರಮ್ಯ ಯಾಕೆಂದು ಕೇಳಿದಾಗ, “ಅವರ ಜನ ಬೇರೆ ಕಣೇ. ನಾಳೆ ನಮ್ಮ ನೆಂಟರು ಬಂದು ಕೇಳಿದ್ರೆ ಏನ್ ಹೇಳೋದು? ನಂಗೇನಿಲ್ಲ, ಅಮ್ಮ ಒಪ್ಪಲ್ಲ,” ಎಂದ. ಅವನು ಅದನ್ನು ನಂಬಿಯೇ ಹೇಳಿದ್ದ. ಕಾಲೇಜಿನಲ್ಲಿ ಎಲ್ಲರ ತಟ್ಟೆಯಲ್ಲೂ ಕೈಹಾಕಿ ಉಂಡವನು, ಜಾತಿ ಗೀತಿ ಎಂದರೆ ನಗುವವನು ತಾನು ಎಂಬುದು ಅವನ ಎಣಿಕೆ. ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದ ಮಗಳು ಕೇಳಿಸಿಕೊಳ್ಳುತ್ತಿರುವುದನ್ನು ಅವನು ಗಮನಿಸಲಿಲ್ಲ.

ಶನಿವಾರ ಶಾಲೆಯ ಹಾಲ್ ತುಂಬಿತ್ತು. ಮಧುಶ್ರೀ ಒಂದೂ ತಪ್ಪಿಲ್ಲದೆ ಹೇಳಿದಳು. ಮಂಡೇಲಾ ಜೈಲಿನಿಂದ ಹೊರಬಂದದ್ದು, ಆ ದೇಶದಲ್ಲಿ ಕಪ್ಪು ಬಣ್ಣದವರೂ ಸಾಲಾಗಿ ನಿಂತು ಮೊದಲ ಸಲ ಓಟು ಹಾಕಿದ್ದು ಎಲ್ಲವನ್ನೂ ಹೇಳಿ ಮುಗಿಸಿದಾಗ ಚಪ್ಪಾಳೆ ಬಿತ್ತು. ನಂದಕುಮಾರ್ ಮೊಬೈಲ್ ಎತ್ತಿ ಹಿಡಿದು ವೀಡಿಯೊ ಮಾಡುತ್ತಿದ್ದ.

“ವೆರಿ ಗುಡ್,” ಎಂದರು ಮಿಸ್. “ಮಕ್ಕಳೇ, ಈಗಲೂ ಎಲ್ಲಾದ್ರೂ ಹೀಗೆ ಜನರನ್ನ ಬೇರೆ ಮಾಡೋದು ಇದೆಯಾ? ಯಾರು ಉದಾಹರಣೆ ಕೊಡ್ತೀರಾ?”

ಯಾರೂ ಕೈಯೆತ್ತಲಿಲ್ಲ. ವೇದಿಕೆಯಿಂದ ಇನ್ನೂ ಇಳಿಯದಿದ್ದ ಮಧುಶ್ರೀ ಎತ್ತಿದಳು.

“ನಮ್ಮನೇಲಿ ಇದೆ ಮಿಸ್! ಮೇಲಿನ ಮನೆಗೆ ಒಬ್ರು ಆಂಟಿ ಅಂಕಲ್ ಬಂದಿದ್ರು. ಆಂಟಿ ನಂಗೆ ಇದನ್ನ ಹೇಳ್ಕೊಟ್ರು. ಆದ್ರೆ ಅವರ ಜನ ಬೇರೆ ಅಂತ ನಮ್ಮಪ್ಪ ಮನೆ ಕೊಡ್ಲಿಲ್ಲ.”

ಸರಿಯಾದ ಉತ್ತರ ಕೊಟ್ಟ ಮಗುವಿನ ಸಂತೋಷ ಅವಳ ಮುಖದಲ್ಲಿತ್ತು. ಮಿಸ್ ಅವಸರದಲ್ಲಿ ಮುಂದಿನ ಮಗುವಿನ ಹೆಸರು ಕರೆದರು. ನಂದಕುಮಾರನ ಮೊಬೈಲ್ ಹಿಡಿದ ಕೈ ಮೇಲೇ ಇತ್ತು. ಇಳಿಸಿದರೆ ಅಪ್ಪ ಇವನೇ ಎಂದು ತಿಳಿದುಬಿಡುತ್ತದೇನೋ ಎಂಬಂತೆ ಅವನು ಅದನ್ನು ಹಾಗೇ ಹಿಡಿದುಕೊಂಡಿದ್ದ. ಅಕ್ಕಪಕ್ಕದ ಕೆಲವರು ಅವನತ್ತ ನೋಡಿದರು. ಇನ್ನು ಕೆಲವರು, ಅವನ ಹಾಗೇ ಬಾಡಿಗೆ ಮನೆಗಳಿದ್ದವರು, ತಲೆ ತಗ್ಗಿಸಿ ತಮ್ಮ ತಮ್ಮ ಮೊಬೈಲ್ ನೋಡತೊಡಗಿದರು.

ಕಾರಿನಲ್ಲಿ ರಮ್ಯ ಮಗಳನ್ನು ಗದರಿದಳು. “ಮನೆ ವಿಷಯ ಎಲ್ಲರ ಮುಂದೆ ಹೇಳ್ತಾರಾ? ಬುದ್ಧಿ ಇಲ್ವಾ ನಿಂಗೆ?”

“ನಾನು ತಪ್ಪು ಹೇಳಿದ್ನಾ ಅಪ್ಪಾ?”

ನಂದಕುಮಾರ್ ರಸ್ತೆ ನೋಡುತ್ತ ಕಾರು ಓಡಿಸಿದ. ಹಿಂದಿನ ಸೀಟಿನಿಂದ ಬಿಕ್ಕುವ ಸದ್ದು ಕೇಳುತ್ತಿತ್ತು.

ಸೋಮವಾರ ಸಂಜೆ ಅವನು ಜಯನಗರದಲ್ಲಿ ದೇವರಾಜನ ಕಂಪನಿಯ ಎದುರು ಕಾದು ನಿಂತ. ಹೊರಬಂದ ದೇವರಾಜ್ ಅವನನ್ನು ಗುರುತಿಸಿ ನಿಂತ.

“ಮನೆ ಇನ್ನೂ ಖಾಲಿ ಇದೆ. ನೀವು ಬರಬಹುದು,” ಎಂದ ನಂದಕುಮಾರ್.

“ನಿಮ್ಮ ಅಕ್ಕನ ಮಗ?”

“ಯಾರೂ ಬರ್ತಿರ್ಲಿಲ್ಲ. ಸುಳ್ಳು ಹೇಳಿದೆ. ನೋಡಿ, ನಂಗೆ ಅಂಥದ್ದೇನಿಲ್ಲ. ಹಳೇ ಕಾಲದವರು ನಮ್ಮಮ್ಮ, ಅವರು ಒಪ್ಪಲ್ಲ ಅಂತ…”

“ಕೇಳಿದ್ರಾ ಸಾರ್, ಅವರನ್ನ?”

ನಂದಕುಮಾರ್ ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ.

“ಶ್ರೀನಗರದಲ್ಲಿ ಮನೆ ಸಿಕ್ತು,” ಎಂದ ದೇವರಾಜ್. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. “ಕಲ್ಯಾಣಿಗೆ ಸ್ಕೂಲು ದೂರ ಆಯ್ತು, ಬಸ್ಸಲ್ಲಿ ಹೋಗ್ತಾಳೆ. ನೀವು ಅಮ್ಮನ್ನ ಕೇಳ್ತೀನಿ ಅಂದಾಗ್ಲೇ ನಮ್ಗೆ ಗೊತ್ತಾಗಿತ್ತು ಸಾರ್. ಎಲ್ಲಾ ಕಡೆ ಅಮ್ಮನ್ನೇ ಕೇಳ್ಬೇಕು ಅಂತಾರೆ.”

“ತಪ್ಪಾಯ್ತು,” ಎಂದ ನಂದಕುಮಾರ್.

ದೇವರಾಜ್ ತಲೆಯಾಡಿಸಿದ. ಪರವಾಗಿಲ್ಲ ಎನ್ನಲಿಲ್ಲ. ಬಸ್ಸು ಬಂತೆಂದು ಹೇಳಿ ಹೊರಟುಹೋದ.

ಮನೆಗೆ ಬಂದಾಗ ತಾಯಿ ಅಮ್ಮಣ್ಣಿ ಅವರೆಕಾಯಿ ಸುಲಿಯುತ್ತಿದ್ದಳು. ಮಧುಶ್ರೀ ಅಜ್ಜಿಗೆ ಕೈಜೋಡಿಸಿದ್ದಳು. ನಂದಕುಮಾರ್ ಎದುರಿಗೆ ನೆಲದ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದ. “ನಿನ್ನ ಹೆಸರು ಹೇಳಿ ಅವರನ್ನ ಕಳಿಸ್ಬಿಟ್ಟೆ ಅಮ್ಮ.”

ಅಮ್ಮಣ್ಣಿಯ ಕೈ ನಿಂತಿತು. “ಕೇಳಿದ್ರೆ ಬೇಡ ಅಂತಿದ್ನೋ ಏನೋ, ಸುಳ್ಳು ಯಾಕೆ ಹೇಳ್ಲಿ,” ಎಂದಳು. “ಆದ್ರೆ ನೀನು ಕೇಳ್ಲಿಲ್ಲ. ನನ್ನನ್ನ ಮುಂದೆ ನಿಲ್ಲಿಸ್ಕೊಂಡು ನೀನು ಹಿಂದೆ ನಿಂತ್ಕೊಂಡೆ. ಮನೆ ನೋಡೋಕ್ ಬಂದ ಆ ಹುಡುಗಿ ಕಣ್ಣಲ್ಲಿ ನಾನು ಕೆಟ್ಟವಳಾದೆ.”

ಮಧುಶ್ರೀ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡುತ್ತ, ಅಪ್ಪನ ಮುಖ ನೋಡದೆ ಕೇಳಿದಳು: “ಅಪ್ಪಾ, ಮಿಸ್ ಇನ್ನೊಂದ್ಸಲ ಕೇಳಿದ್ರೆ ಏನು ಹೇಳ್ಲಿ?”

ರಮ್ಯ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಏನು ನಡೀತೋ ಅದನ್ನೇ ಹೇಳು ಪುಟ್ಟಿ.”

“ನೀನು ಮನೆ ಕೊಡ್ಲಿಲ್ಲ ಅಂತಾನೂ?”

“ಹೂಂ. ಸುಳ್ಳು ಹೇಳಿದೆ ಅಂತಾನೂ ಹೇಳು.”

ಅವನಿಗೆ ಎದ್ದು ಹೊರಗೆ ಹೋಗಿಬಿಡಬೇಕೆನಿಸಿತು. ಹೋಗಲಿಲ್ಲ. ಈಗ ತಲೆಯೆತ್ತಿ ತನ್ನನ್ನೇ ನೋಡುತ್ತಿದ್ದ ಮಗಳ ಎದುರಿಗೆ ಹಾಗೇ ಕೂತ.