ಎಣಿಕೆಯ ದಿನ

‘ಇಲ್ಲ’ ಎಂದು ಹಾಳೆಯಲ್ಲಿ ಬರೆದವಳು ಅವಳೇ. ಎಣಿಕೆಯ ದಿನ ಅಳಿವೆಯ ಮರಳುದಿಬ್ಬದ ಮೇಲೆ ನಿಜಕ್ಕೂ ಒಂದು ಗೂಡೂ ಇರಲಿಲ್ಲ. ಹನ್ನೊಂದು ವರ್ಷದಿಂದ ಹಕ್ಕಿ ಎಣಿಸುವ ಕೆಲಸದವಳು ಇಲ್ಲದ್ದನ್ನು ಇದೆ ಎಂದು ಬರೆಯುವುದುಂಟೆ?

ಆದರೆ ರೀವಗಳು, ಕವಲು ಬಾಲದ ಆ ಬಿಳಿ ಕಡಲಹಕ್ಕಿಗಳು, ಈ ಸಲ ಮೂರು ವಾರ ತಡವಾಗಿ ಬಂದವು. ಸಣ್ಣ ಮೀನು ದಡಕ್ಕೆ ಬಂದರೆ ತಾನೇ ಅವು ಮೊಟ್ಟೆ ಇಡುವುದು? ಈಗ ಕಾಲಿಡಲು ಜಾಗವಿಲ್ಲದಷ್ಟು ಮೊಟ್ಟೆ. ನಾಳೆ ಬೆಳಿಗ್ಗೆ ಮರಳು ತುಂಬಿಕೊಂಡು ಹೋಗಲು ಅಲ್ಲಿಗೆ ಲಾರಿಗಳು ಬರುತ್ತವೆ. ಅನುಮತಿ ಪತ್ರದಲ್ಲಿ ಕೊಟ್ಟ ಕಾರಣ ಅವಳ ಅದೇ ‘ಇಲ್ಲ’.

ಪತ್ರಕ್ಕೆ ಸಹಿ ಹಾಕಿದ ಅಧಿಕಾರಿ ಅವಳ ಅಕ್ಕನ ಗಂಡ. ದಿಬ್ಬದಿಂದ ನೇರ ಕಚೇರಿಗೆ ನುಗ್ಗಿದಳು, ಕಾಲಿನ ಮರಳನ್ನೂ ಕೊಡವದೆ.

“ಭಾವ, ನಾನೂರು ಗೂಡಿದೆ. ಬರ್ಕೊಳ್ಳಿ.”

“ಎಣಿಕೆ ವರ್ಷಕ್ಕೆ ಒಂದೇ ಸಲ. ತಾರೀಖು ಅಚ್ಚಾಗೇ ಬಂದಿದೆ, ನೋಡು.”

“ಹಕ್ಕಿಗಳು ಅಚ್ಚಾಗಿ ಬರಲ್ವಲ್ಲ!”

“ಹಾಗಾದ್ರೆ ಅವಕ್ಕೊಂದು ನೋಟಿಸ್ ಕಳಿಸೋಣ. ಮುಂದಿನ ವರ್ಷ ಟೈಮಿಗೆ ಸರಿಯಾಗಿ ಮೊಟ್ಟೆ ಇಡಿ ಅಂತ.”

ಪಕ್ಕದ ಮೇಜಿನ ಟೈಪಿಸ್ಟ್ ಕಿಸಕ್ಕೆಂದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ನಿಮ್ಮ ಮಗಳು ಡಾಕ್ಟರು ಹೇಳಿದ ತಾರೀಖು ಕಳೆದು ಹತ್ತು ದಿನಕ್ಕೆ ಹುಟ್ಟಿದ್ಲು. ಅವತ್ತು ‘ಮಗು ಇಲ್ಲ’ ಅಂತ ಬರೆದು ಅಕ್ಕನ್ನ ಮನೆಗೆ ಕಳಿಸಿದ್ರಾ?”

ಟೈಪಿಸ್ಟ್ ತಲೆ ತಗ್ಗಿಸಿ ಟೈಪ್ ಮಾಡತೊಡಗಿದ.

“ಮನೆ ಮಾತು ಇಲ್ಲಿ ಎತ್ತಬೇಡ,” ಎಂದು ಭಾವ ಹಲ್ಲು ಕಚ್ಚಿದರು.

ಅವಳು ಎಣಿಕೆಯ ಹಾಳೆಯಿದ್ದ ಕಡತವನ್ನು ತನ್ನ ಕಡೆ ಎಳೆದುಕೊಂಡಳು. ‘ಇಲ್ಲ’ಕ್ಕೆ ಮೊದಲು ‘ಇನ್ನೂ’ ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಇವತ್ತಿನ ತಾರೀಖು ಹಾಕಿ ಸಹಿ ಮಾಡಿದಳು.

“ತಲೆ ಕೆಟ್ಟಿದೆಯಾ ನಿಂಗೆ? ದಾಖಲೆ ತಿದ್ದಿದ್ರೆ ಕೆಲಸ ಹೋಗುತ್ತೆ!”

“ಹೋಗ್ಲಿ. ತಿದ್ದಿದ್ದು ನಾನೇ ಅಂತ ಮೇಲಿನವರಿಗೆ ಬರೀರಿ. ತಿದ್ದಿದ ಹಾಳೆ ನಂಬ್ಕೊಂಡು ಲಾರಿ ಬಿಡೋಕಾಗುತ್ತಾ, ಅದನ್ನ ಹೇಳಿ.”

ಆಗುವುದಿಲ್ಲ. ವಿಚಾರಣೆ ಮುಗಿಯುವ ತನಕ ಅನುಮತಿ ತಡೆಹಿಡಿಯಬೇಕು. ಆ ನಿಯಮ ಅವಳಿಗಿಂತ ಭಾವನಿಗೇ ಚೆನ್ನಾಗಿ ಗೊತ್ತಿತ್ತು. ಮುಖ ಕೆಂಪಗೆ ಮಾಡಿಕೊಂಡು ಎರಡು ಆದೇಶ ಬರೆಸಿದರು. ಒಂದು ಲಾರಿ ತಡೆಯಲು, ಇನ್ನೊಂದು ಅವಳನ್ನು ಕೆಲಸದಿಂದ ತೆಗೆಯಲು. ಎರಡನೆಯದನ್ನು ಅವಳತ್ತ ತಳ್ಳಿದರು.

ಓದಿದಳು. ಸಿಟ್ಟು ಇಳಿದಿರಲಿಲ್ಲ.

“ಮರಿ ಹಾರೋಕೆ ಎರಡು ತಿಂಗಳು ಬೇಕು ಭಾವ,” ಎಂದಳು ಹೊರಡುತ್ತಾ. “ವಿಚಾರಣೆ ನಿಧಾನಕ್ಕೆ ಮಾಡಿ. ಅದೊಂದು ಈ ಆಫೀಸಿಗೆ ಚೆನ್ನಾಗಿ ಬರುತ್ತೆ.”