ಅರ್ಧ ಪುಸ್ತಕದ ಗೆಳತಿ

ಪುಸ್ತಕವನ್ನು ಎಲ್ಲಿ ಸೀಳಬೇಕು ಎನ್ನುವುದಕ್ಕೇ ಆ ಇಬ್ಬರು ಹುಡುಗಿಯರು ಅರ್ಧ ದಿನ ಜಗಳವಾಡಿದ್ದರು. ನರ್ಸಿಂಗ್ ಓದುವವರಿಗೆ ಅಂಗರಚನೆಯ ಆ ದಪ್ಪ ಪುಸ್ತಕವಿಲ್ಲದೆ ಗತಿಯಿಲ್ಲ. ಒಬ್ಬೊಬ್ಬರೇ ಕೊಳ್ಳುವುದು ಕನಸಿನ ಮಾತು. ಇಬ್ಬರೂ ಕೂಡಿ ಒಂದು ಕೊಂಡರು. ಕೊನೆಗೆ ಹೊಕ್ಕುಳಿನ ಹತ್ತಿರ ಸೀಳುವುದೆಂದು ರಾಜಿಯಾಯಿತು. ಒಬ್ಬಳ ಅಕ್ಕ ಬಟ್ಟೆ ಹೊಲಿಯುವವಳು; ಅವಳೇ ತನ್ನ ಬ್ಲೇಡಿನಿಂದ ಪುಸ್ತಕದ ಬೆನ್ನು ಕೊಯ್ದು ಕೊಟ್ಟಳು, ಬೈಯುತ್ತಲೇ.

"ಹೊಸಾ ಪುಸ್ತಕಾನ ಕುಂಬಳಕಾಯಿ ಸೀಳಿದ ಹಾಗೆ ಸೀಳಿಸ್ತೀರಲ್ರೇ, ನಿಮ್ಮ ಕೈಗೆ ಸಿಕ್ಕೋ ರೋಗಿಗಳಿಗೆ ದೇವರೇ ಗತಿ!"

ಅಂದಿನಿಂದ ಮೇಲಿನ ಅರ್ಧ ಒಯ್ದವಳು 'ತಲೆ', ಕೆಳಗಿನ ಅರ್ಧ ಒಯ್ದವಳು 'ಕಾಲು'. ಆಮೇಲೆ ಎಷ್ಟು ಸಲ ಅದಲುಬದಲು ಮಾಡಿಕೊಂಡರೂ ಹೆಸರು ಮಾತ್ರ ಅಂಟಿಕೊಂಡೇ ಬಿಟ್ಟಿತು. ಪರೀಕ್ಷೆ ಹತ್ತಿರ ಬಂದರೆ ಕಾಲೇಜಿನ ಮೆಟ್ಟಿಲ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತು, ಎರಡೂ ಅರ್ಧಗಳನ್ನು ತೊಡೆಯ ಮೇಲೆ ಜೋಡಿಸಿಕೊಂಡು ಓದುತ್ತಿದ್ದರು. ತಲೆಗೆ ಬಾಯಿಪಾಠ ಬರುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಅರ್ಥ ಮಾಡಿಸುತ್ತಿದ್ದವಳು ಕಾಲು.

ಕೊನೆಯ ಪರೀಕ್ಷೆಗೆ ಮುಂಚೆ ಕಾಲಿನ ಅಪ್ಪನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿ, ಇಡೀ ಸಂಸಾರ ಗಂಟುಮೂಟೆ ಕಟ್ಟಿತು. "ಹೋದ ತಕ್ಷಣ ವಿಳಾಸ ಕಳಿಸ್ತೀನಿ ಕಣೇ" ಅಂದು ಹೋದವಳು ಕಳಿಸಲೇ ಇಲ್ಲ. ಕೆಳಗಿನ ಅರ್ಧ ಅವಳ ಚೀಲದಲ್ಲೇ ಹೋಯಿತು.

ತಲೆ ಈಗ ಅದೇ ಕಾಲೇಜಿನಲ್ಲಿ ಅಂಗರಚನೆ ಕಲಿಸುವ ಮೇಡಂ. ಕೂದಲು ನರೆತಿದೆ. ಹೊಕ್ಕುಳಿಗೆ ಮುಗಿದುಹೋಗುವ ಆ ಪುಸ್ತಕ ಅವರ ಕಪಾಟಿನಲ್ಲಿ, ಹಿಂದಿನ ರಟ್ಟಿಲ್ಲದೆ, ಗೋಡೆಗೆ ಒರಗಿಕೊಂಡು ನಿಂತಿದೆ.

ಒಂದು ವರ್ಷ ವಿಶ್ವವಿದ್ಯಾಲಯ ಹೊಸ ಅನುದಾನ ಘೋಷಿಸಿತು. ದುಬಾರಿ ಪುಸ್ತಕ ಬಿಟ್ಟು, ಯಾರು ಬೇಕಾದರೂ ಪುಕ್ಕಟೆಯಾಗಿ ಓದಿ, ತಿದ್ದಿ, ಹಂಚಬಹುದಾದ ಪಾಠ ಸಿದ್ಧಮಾಡುವ ಅಧ್ಯಾಪಕರಿಗೆ ತರಗತಿಯ ಹೊರೆ ಇಳಿಸಿ, ಚಿತ್ರ ಬರೆಸುವ ಖರ್ಚನ್ನೂ ಕೊಡುವುದು. ಉಸ್ತುವಾರಿ ಗ್ರಂಥಪಾಲಕರದು. ಮೇಡಂ ಎಲ್ಲರಿಗಿಂತ ಮೊದಲು ಅವರ ಬಾಗಿಲಲ್ಲಿ ನಿಂತರು. ಮಕ್ಕಳ ಅನುಕೂಲಕ್ಕೆ ಎಂದು ಬಾಯಲ್ಲಿ ಹೇಳಿದರು. ಅದು ಸುಳ್ಳಲ್ಲ. ಆದರೆ ಎಲ್ಲೋ ಯಾವುದೋ ಆಸ್ಪತ್ರೆಯಲ್ಲಿ, ಇಲ್ಲವೇ ಮಗಳಿಗೆ ಪಾಠ ಹೇಳಿಕೊಡುತ್ತ, ಕಾಲು ತಾವು ಬರೆದ ಪುಸ್ತಕ ತೆರೆದಾಳು ಅನ್ನುವ ಆಸೆ ಎದೆಯೊಳಗೆ ಕೂತಿತ್ತು.

ತಲೆ, ಕತ್ತು, ಎದೆ ಸರಾಗವಾಗಿ ಮುಗಿದವು. ಹೊಕ್ಕುಳು ದಾಟಿದ ಮೇಲೆ ಕೈ ಕುಂಟತೊಡಗಿತು. ಮೊಣಕಾಲಿಗೆ ಬಂದು ಪೂರಾ ನಿಂತಿತು. ಮೊಣಕಾಲ ಚಿಪ್ಪಿನ ಕೆಲಸವೇನು ಎಂದು ಬರೆಯಲು ಕೂತರೆ ಕಿವಿಯಲ್ಲಿ ಗೆಳತಿಯ ದನಿ: 'ಬಟ್ಟೆ ಒಣಹಾಕೋ ಹಗ್ಗ ಜೋತುಬಿದ್ರೆ ಕೆಳಗೊಂದು ಕೋಲು ಕೊಟ್ಟು ಎತ್ತಲ್ವೇನೆ? ಈ ಚಿಪ್ಪು ಆ ಕೋಲು. ತೊಡೆಯಿಂದ ಬರೋ ಹಗ್ಗಾನ ಕೀಲಿಂದ ದೂರ ಎತ್ತಿ ಹಿಡಿಯುತ್ತೆ. ಅದಕ್ಕೇ ಸ್ವಲ್ಪ ಎಳೆದ್ರೂ ಕಾಲು ನೆಟ್ಟಗಾಗುತ್ತೆ.'

ಮೇಡಂ ಅದನ್ನೇ ಬರೆದರು.

ಗ್ರಂಥಪಾಲಕರು ಕನ್ನಡಕ ಮೂಗಿನ ತುದಿಗೆ ಇಳಿಸಿ ಓದಿದರು. "ಚೆನ್ನಾಗಿದೆ. ಯಾವ ಪುಸ್ತಕದ್ದು?"

"ಪುಸ್ತಕದ್ದಲ್ಲ ಸರ್. ಗೆಳತಿ ಹೇಳಿದ್ದು."

"ಹಾಗಾದ್ರೆ ಅವರ ಹೆಸರು ಹಾಕಿ. ಇಲ್ಲಿ ಎಲ್ಲಾ ಪುಕ್ಕಟೆ ಮೇಡಂ, ಯಾರದ್ದು ಅಂತ ಹೇಳೋದೊಂದೇ ಬೆಲೆ. ಅವರನ್ನ ಒಂದು ಮಾತು ಕೇಳಿಬಿಡಿ."

"ಎಲ್ಲಿದಾಳೋ ಗೊತ್ತಿಲ್ಲ."

"ಕೇಳದೆ ಹೆಸರು ಹಾಕೋ ಹಾಗಿಲ್ಲ, ಹೆಸರಿಲ್ಲದೆ ಮಾತು ಹಾಕೋ ಹಾಗಿಲ್ಲ. ತೆಗೆದುಬಿಡಿ, ತಲೆನೋವೇ ಇರಲ್ಲ."

ಮೇಡಂ ಹಾಳೆ ಮಡಚಿಕೊಂಡು ಮನೆಗೆ ಬಂದರು. ಅಕ್ಕ ಈಗಲೂ ಹೊಲಿಗೆ ಯಂತ್ರದ ಮುಂದೆಯೇ. ತಂಗಿಯ ಮುಖ ನೋಡಿದ್ದೇ ಗಾಲಿ ನಿಲ್ಲಿಸಿದಳು. ಕಥೆಯೆಲ್ಲ ಕೇಳಿ, "ಅಲ್ವೇ, ಅವಳು ಸಿಕ್ಕಿದ್ರೆ ಏನು ಮಾಡ್ತೀಯ?" ಅಂದಳು.

"ಮೇಲಿನ ಅರ್ಧ ಕೊಡ್ತೀನಿ. ಅವಳು ಹೋಗುವಾಗ ಅದು ನನ್ನ ಹತ್ರಾನೇ ಉಳಿದುಬಿಡ್ತು."

"ಪೂರ್ತಿ ಪುಸ್ತಕಾನ ನೀನೇ ಪುಕ್ಕಟೆ ಹಂಚ್ತಾ ಇದೀಯ. ನಿನ್ನ ಹರಕು ಅರ್ಧ ಇನ್ಯಾರಿಗೆ ಬೇಕೇ?"

ಅಕ್ಕ ನಗೆಯಾಡಿದ್ದೇ, ಆದರೂ ತಂಗಿಗೆ ಚುರುಕ್ ಎಂದಿತು. ಗಾಲಿಗೆ ಮತ್ತೆ ಕೈ ಹಾಕುತ್ತ ಅಕ್ಕನೇ ಕೇಳಿದಳು, "ಅವಳನ್ನ ನೀನು ಹೆಸರು ಹಿಡಿದು ಯಾವತ್ತು ಕರೆದಿದ್ದೆ ಹೇಳು?"

ಮರುದಿನ ಮೇಡಂ ಆ ಮಾತಿನ ಕೆಳಗೆ ಬರೆದು ತಂದರು: 'ಹೀಗೆ ಹೇಳಿದವಳು ಕಾಲು.'

"ಏನ್ರೀ ಇದು! ಅನುದಾನದ ಸಮಿತಿಯವರು ನಗಲ್ವಾ?"

"ನಗಲಿ ಸರ್. ತಿಳಿಯಬೇಕಾದವಳಿಗೆ ತಿಳಿಯುತ್ತೆ."

ಗ್ರಂಥಪಾಲಕರು ಮೇಡಮ್ಮನ ಮುಖವನ್ನೊಮ್ಮೆ ನೋಡಿ, ಹಾಳೆಯನ್ನು ಕಟ್ಟಿನೊಳಗೆ ಸೇರಿಸಿದರು.

ಪುಸ್ತಕ ಹೊರಬಂತು. ತರಗತಿಯಲ್ಲಿ ಪ್ರತಿಯೊಬ್ಬರ ಫೋನಿನಲ್ಲೂ ತಲೆಯಿಂದ ಕಾಲಿನವರೆಗೆ ಇಡಿಯಾಗಿ ಇತ್ತು. ಯಾರೂ ಯಾರ ಹತ್ತಿರವೂ ಕೇಳಬೇಕಿಲ್ಲ. ಮೇಡಮ್ಮನಿಗೆ ಹೊಟ್ಟೆ ತುಂಬಿದಷ್ಟು ಸಂತೋಷ. ಮನೆಗೆ ಹೊರಟಾಗ ಮೆಟ್ಟಿಲ ಮೇಲೆ ಹುಡುಗಿಯರು ಒಬ್ಬೊಬ್ಬರೇ, ನಡುವೆ ಜಾಗ ಬಿಟ್ಟು, ತಲೆ ತಗ್ಗಿಸಿ ಓದುತ್ತಿದ್ದರು. ಮೇಡಂ ಅಲ್ಲೇ ಒಂದು ಗಳಿಗೆ ನಿಂತರು. ಈ ಮಕ್ಕಳಿಗೆ ಯಾವ ಪುಸ್ತಕವನ್ನೂ ಸೀಳುವ ಕಷ್ಟವಿಲ್ಲ. ಸೀಳಿದ್ದನ್ನು ಜೋಡಿಸಿಕೊಂಡು ಕೂರುವ ಸುಖವೂ ಇಲ್ಲ. ಭುಜದ ಮೇಲೆ, ಹಿಂದೆ ಗೆಳತಿ ಒರಗುತ್ತಿದ್ದ ಕಡೆ, ಯಾಕೋ ತಣ್ಣಗಾಯಿತು.

ಅಂತರ್ಜಾಲದ ಆ ಪುಸ್ತಕದಲ್ಲಿ ಪ್ರತಿ ಪುಟದ ಅಡಿಯಲ್ಲೂ ಓದಿದವರು ಬರೆಯಲು ಜಾಗವಿತ್ತು. ಕಾಲೇಜಿಗೆ ಬಂದ ಕೂಡಲೇ ಮೊಣಕಾಲಿನ ಪುಟ ತೆರೆಯುವುದು ಮೇಡಮ್ಮನಿಗೆ ರೂಢಿಯಾಯಿತು. ದಿನವೂ ಖಾಲಿ. ಒಂದು ಬೆಳಿಗ್ಗೆ ಅಲ್ಲಿ ಅಕ್ಷರಗಳು ಕಂಡವು. ಕನ್ನಡಕ ಸಿಗದೆ ತಡಕಾಡಿದರು.

ಬರೆದದ್ದು ಯಾವುದೋ ದೂರದ ಕಾಲೇಜಿನ ಹುಡುಗಿ. 'ನಮಸ್ತೆ ಮೇಡಂ. ಹಗ್ಗದ ಉದಾಹರಣೆ ಓದಿ ತಟ್ಟನೆ ಅರ್ಥವಾಯಿತು. ಈ ಕಾಲು ಅನ್ನುವವರು ಯಾರು? ಅವರ ಪುಸ್ತಕ ಬೇರೆ ಇದೆಯೇ?'

ಮೇಡಂ ಕನ್ನಡಕ ಒರೆಸಿ ಹಾಕಿಕೊಂಡರು. ಆಮೇಲೆ, ಇವತ್ತಲ್ಲದಿದ್ದರೆ ಎಂದಾದರೂ ಬಂದು ಓದುವವಳ ಕಣ್ಣಿಗೂ ಬೀಳಲಿ ಎಂದು, ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದರು:

'ಇದೆ ಮಗಳೇ, ಅರ್ಧ. ಇನ್ನರ್ಧ ನನ್ನ ಹತ್ತಿರ ಇದೆ.'