ಪಗಾರದ ಆಟ

"ಕೊಳ್ಳಾಗಿನ ಲಿಂಗ ನಾ ಎಂದೂ ತೆಗೆಯಂಗಿಲ್ಲವ್ವಾ," ಎಂದು ಶುಭಾಂಗಿ ತಾಯಿಗೆ ಮಾತು ಕೊಟ್ಟಾಗ ಅವಳಿಗೆ ಆರು ವರ್ಷ. ಕೆಲವೇ ದಿನಗಳ ಹಿಂದೆ, ಭೂಕಂಪದ ಬೆಳಗಿನ ಜಾವ, ಲೋಹಾರಾ ಹತ್ತಿರದ ಹಳ್ಳಿಯಲ್ಲಿ ಅವರ ಮನೆ ಕುಸಿದಿತ್ತು. ತಾಯಿ ಕುಸುಮಬಾಯಿ ಬರಿಗೈಯಲ್ಲಿ ಅಗೆದಾಗ ಮೊದಲು ಸಿಕ್ಕಿದ್ದು ಮಗಳ ಶಿವದಾರ. ದಾರದ ತುದಿಯಲ್ಲಿ ಲಿಂಗ, ಲಿಂಗದ ಕೆಳಗೆ ಇನ್ನೂ ಏರಿಳಿಯುತ್ತಿದ್ದ ಎದೆ. ಗಂಡನ ಹೆಣ ಸಿಕ್ಕಿದ್ದು ಮರುದಿನ.

ಹದಿನಾರು ವರ್ಷಗಳ ನಂತರ ಕುಸುಮಬಾಯಿ ಉಮರ್ಗಾದ ತನ್ನ ಹಿಟ್ಟಿನ ಗಿರಣಿಗೆ ಬೀಗ ಹಾಕಿ, ಸೋಲಾಪುರದ ಮೈದಾನದ ಮೆಟ್ಟಿಲ ಮೇಲೆ ಬಂದು ಕುಳಿತಿದ್ದಳು. ಹುಬ್ಬಿನಲ್ಲಿ ಇನ್ನೂ ಜೋಳದ ಹಿಟ್ಟು. ಪಕ್ಕದಲ್ಲಿ ಮಗಳಿಗೆ ಉದಗೀರದ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಕಲಿಸಿದ ರಾಚಯ್ಯ ಸರ್. ಕೆಳಗೆ ಮುಂಬೈಯ ಕಂಪನಿಯೊಂದು ತನ್ನ ತಂಡಕ್ಕೆ ಹುಡುಗಿಯರನ್ನು ಆರಿಸುತ್ತಿತ್ತು. ಆಯ್ಕೆಯಾದರೆ ಆಡುವುದೇ ನೌಕರಿ.

"ಆಟ ಅದೇ ಅಲ್ಲೇನ್ರಿ ಸ್ವಾಮ್ಯಾರ? ಉದಗೀರದಾಗ ಆಡಿದ್ದೇ?" ಕುಸುಮಬಾಯಿ ಕೇಳಿದಳು.

"ಚೆಂಡು ಅದೇ, ಬುಟ್ಟಿ ಅದೇ. ಆದ್ರ ಉದಗೀರದಾಗ ಬಿದ್ರ ನಾಕು ಮಂದಿ ಓಡಿ ಬಂದು ಎಬ್ಬಸ್ತಿದ್ರು. ಇಲ್ಲಿ ಬಿದ್ರ ಇನ್ನೊಬ್ಬಾಕಿ ಬಂದು ನಿಲ್ತಾಳ. ಪಗಾರದ ಆಟರೀ ಇದು."

"ನಿಮ್ಮಂಗ ಬಯ್ಯೋರು ಇರ್ತಾರೇನ್ರಿ?"

"ಬಯ್ಯಂಗಿಲ್ಲ. ಹೆಸರಿನ ಮ್ಯಾಲೆ ಗೀಟು ಎಳೀತಾರ, ಅಷ್ಟೇ."

ಕಾಲೇಜಿನ ಪಂದ್ಯಗಳಿಗೆ ಮೊದಲು ಗೆಳತಿ ಕಾಜಲ ಆ ಲಿಂಗವನ್ನು ಎದೆಗೊತ್ತಿ, ಬಟ್ಟೆಯ ಪಟ್ಟಿ ಸುತ್ತಿ ಕಟ್ಟುತ್ತಿದ್ದಳು. ರೆಫರಿ ಊರವರೇ. "ಬಿಗಿ ಐತಿಲ್ಲ? ಹೋಗವ್ವ," ಎಂದು ಬಿಟ್ಟುಬಿಡುತ್ತಿದ್ದರು. ಇಂದು ಶುಭಾಂಗಿ ತಾನೇ ಕಟ್ಟಿಕೊಂಡಿದ್ದಳು. ಅಂಗಳಕ್ಕಿಳಿಯುವಾಗ ರೆಫರಿ ಹೆಂಗಸು ಅವಳ ಕತ್ತಿನ ದಾರ ಕಂಡು ತಡೆದಳು.

"ಹೇ ಕಾಢ." ಇದನ್ನು ತೆಗೆ ಎಂದಳು ಮರಾಠಿಯಲ್ಲಿ. ಸಿಟ್ಟೇನಿರಲಿಲ್ಲ. ಕೊರಳಲ್ಲಿ ಏನೂ ಇರಬಾರದೆಂಬುದು ನಿಯಮ.

ಶುಭಾಂಗಿ ಶಿವದಾರ ಹಿಡಿದು ಮೆಟ್ಟಿಲತ್ತ ನೋಡಿದಳು.

ರಾಚಯ್ಯ ಸರ್ ಎದ್ದೇ ನಿಂತರು. "ಕುಸುಮಕ್ಕಾ, ಲಗೂನ ತೆಗಿ ಅಂತ ಕೈ ಮಾಡ್ರಿ. ಜಂಗಮ ನಾ ಹೇಳ್ಲತ್ತೀನಿ. ತಾಸೊತ್ತು ನೀವು ಕೈಯಾಗ ಹಿಡ್ಕೋರಿ, ಲಿಂಗಕ್ಕೇನೂ ಆಗಂಗಿಲ್ಲ."

ಅದು ಕುಸುಮಬಾಯಿಗೂ ಗೊತ್ತಿತ್ತು. ಎತ್ತಿದ ಕೈ ಎದೆಯವರೆಗೆ ಬಂದು, ಸೆರಗು ಹಿಡಿದು ಅಲ್ಲೇ ನಿಂತಿತು. ಉಗುರುಸಂದಿಯಲ್ಲಿ ಆ ಬೆಳಗಿನ ಮಣ್ಣು ತುಂಬಿಕೊಂಡಂತಾಯಿತು. ಮಗಳು ಇನ್ನೂ ನೋಡುತ್ತಿದ್ದಳು. ಸೀಟಿ ಮೊಳಗಿತು. ಬೇರೊಬ್ಬ ಹುಡುಗಿ ಒಳಗೆ ಓಡಿದಳು.

ತಿರುಗಿ ಬರುವ ಬಸ್ಸು ನಳದುರ್ಗ ದಾಟಿದ ಮೇಲೆ ಕುಸುಮಬಾಯಿ ಕೇಳಿದಳು.

"ನಾ ಕೈ ಮಾಡಿದ್ರ ತೆಗೀತಿದ್ದೇನ?"

"ತೆಗೀತಿದ್ದೆ." ಶುಭಾಂಗಿ ಶೇಂಗಾ ಸುಲಿದು ತಾಯಿಯ ಅಂಗೈಗೆ ಹಾಕಿದಳು. "ತಿನ್ನು. ಮುಂಜಾನಿಂದ ಉಪಾಸ ಇದ್ದಿ."

"ಮತ್ತೊಮ್ಮಿ ಕರೀತಾರೇನ?"

"ಕಾಲೇಜಲ್ಲವ್ವಾ ಅದು."

ಕುಸುಮಬಾಯಿ ಕಾಳುಗಳನ್ನು ಮುಷ್ಟಿಯಲ್ಲಿ ಹಿಡಿದೇ ಕುಳಿತಳು.

ಜೂನಿನಲ್ಲಿ ಶುಭಾಂಗಿ ನಿಲಂಗಾದ ಶಾಲೆಯೊಂದರಲ್ಲಿ ಮಕ್ಕಳಿಗೆ ಡ್ರಿಲ್ ಕಲಿಸಲು ಸೇರಿದಳು. ಕಂಪನಿಯ ತಂಡಕ್ಕೆ ಆಡಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡಳು.